‘ಚಳಿ ಕಾಯಿಸುವುದು’: ಇಲ್ಲಿ ಕಾಯುವುದು ಯಾವುದು?

ಧನುರ್ಮಾಸದ ಬೆಳಗ್ಗೆ ಮಂಡ್ಯ ಕಡೆಯ ಆಲೆಮನೆಯೊಂದರ ಮುಂದೆ ಹಾದುಹೋಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಣಗಿದ ಕಬ್ಬಿನ ಸಿಪ್ಪೆ ನುಂಗಿ ಉರಿಯುವ ಒಲೆಯ ಬಾಯಿಗೆ ಅಂಗೈ ಒಡ್ಡಿ ನಾಲ್ಕು ಜನ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ‘ಬನ್ನಿ ಅಣ್ಣ, ಚಳಿ ಕಾಯಿಸಿಕೊಳ್ಳಿ’ ಎಂದು ಕರೆಯುತ್ತಾರೆ. ನೀರು ಕಾಯಿಸಿದರೆ ನೀರು ಬಿಸಿಯಾಗುತ್ತದೆ, ಹಾಲು ಕಾಯಿಸಿದರೆ ಹಾಲು. ಚಳಿ ಕಾಯಿಸಿದರೆ ಬಿಸಿಯಾಗುವುದು ಯಾವುದು?

ಇದಕ್ಕೆ ಉತ್ತರ ಬೇಕಾದರೆ ‘ಚಳಿ’ ಎಲ್ಲಿರುತ್ತದೆ ಎಂಬುದನ್ನು ನೋಡಬೇಕು. ನೀರು ತಣ್ಣಗಿರುತ್ತದೆ, ನೆರಳು ತಂಪಾಗಿರುತ್ತದೆ, ಸೌತೆಕಾಯಿ ಶೀತ. ಇವು ಯಾವುವನ್ನೂ ನಾವು ಚಳಿ ಎನ್ನುವುದಿಲ್ಲ. ಚಳಿ ಆಗುವುದು ನನಗೆ, ನಿಮಗೆ, ಕೊಟ್ಟಿಗೆಯ ಕರುವಿಗೆ. ‘ಹೊರಗೆ ಚಳಿ ಇದೆ’ ಎಂದಾಗಲೂ ಹೇಳುತ್ತಿರುವುದು ಮೈಗೆ ತಾಗುವ ಅನುಭವವನ್ನೇ. ಚಳಿಜ್ವರ ಎಂಬ ಮಾತು ಇದಕ್ಕೆ ಒಳ್ಳೆಯ ಸಾಕ್ಷಿ. ಮಲೇರಿಯಾ ಬಂದವರ ಹಣೆ ಮುಟ್ಟಿದರೆ ಸುಡುತ್ತಿರುತ್ತದೆ, ಅವರು ಮಾತ್ರ ಹಲ್ಲು ಕಟಕಟಿಸುತ್ತಾ ಇನ್ನೊಂದು ಕಂಬಳಿ ಕೇಳುತ್ತಾರೆ. ಮೈ ಕಾದಿದ್ದರೂ ಚಳಿ ಚಳಿಯೇ.

ಇನ್ನೊಂದು ಗುಂಪಿನ ಬಳಕೆಗಳಲ್ಲಿ ಚಳಿ ಮೈಗೆ ಅಂಟಿಕೊಂಡಿರುವ ಯಾವುದೋ ಜೀವದಂತೆ ಕಾಣುತ್ತದೆ. ‘ಮೈಚಳಿ ಬಿಟ್ಟು ಮಾತನಾಡು’ ಎಂದರೆ ಸಂಕೋಚ ಬಿಟ್ಟು ಮಾತನಾಡು ಎಂದು. ಮೇಷ್ಟರು ಹುಡುಗನಿಗೆ ‘ಚಳಿ ಬಿಡಿಸಿದರು’ ಎಂದರೆ ಬೆತ್ತವೋ ಬೈಗುಳವೋ ಚೆನ್ನಾಗಿ ಬಿತ್ತು ಎಂದು. ದೆವ್ವ ಬಿಡಿಸುವುದು, ಗ್ರಹಚಾರ ಬಿಡಿಸುವುದು ಇದೇ ಸಾಲಿನವು. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎನ್ನುತ್ತಾ ಹೊರಟುಹೋಗುತ್ತದೆ ಎಂಬ ಮಾತಿನಲ್ಲಂತೂ ಅದಕ್ಕೆ ಬಾಯಿಯೂ ಇದೆ, ಕಾಲೂ ಇದೆ!

ನೆರೆಯ ತೆಲುಗಿನ ‘ಚಲಿ’ ನಮ್ಮ ಚಳಿಯೇ. ತಮಿಳಿನಲ್ಲಿ ‘ಸಳಿ’ ಎಂದರೆ ಕಫ, ನೆಗಡಿ. ನಾವು ಅದನ್ನು ಶೀತಕ್ಕೆ ಬಿಟ್ಟುಕೊಟ್ಟಿದ್ದೇವೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ‘ಚಳಿ ಕಾಯಿಸು’ ಎಂಬಲ್ಲಿರುವುದು ಹಸು ಕಾಯುವ, ಮನೆ ಕಾಯುವ ‘ಕಾಯು’, ಅಂದರೆ ಚಳಿಯಿಂದ ಮೈಯನ್ನು ಕಾಪಾಡುವುದು ಎಂದು ಅರ್ಥ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ‘ಬಿಸಿಲು ಕಾಯಿಸುತ್ತಾ ಕುಳಿತರು’, ‘ಬೆಂಕಿ ಕಾಯಿಸಿದರು’ ಎಂದೂ ಹೇಳುತ್ತೇವಲ್ಲ? ಅಲ್ಲಿ ಬಿಸಿಲಿನಿಂದ ಕಾಪಾಡಿಕೊಳ್ಳುವ ಮಾತೇ ಇಲ್ಲ. ಮೂರರಲ್ಲೂ ಬಿಸಿಯಾಗುವುದು ಮೈ. ಆ ‘ಮೈ’ ಮಾತಿನಿಂದ ಜಾರಿದೆ. ಬಿಸಿಲಿಗೆ ಮೈ ಕಾಯಿಸು, ಬೆಂಕಿಗೆ ಮೈ ಕಾಯಿಸು, ಚಳಿಗೆ ಮೈ ಕಾಯಿಸು ಎಂದು ಬಿಡಿಸಿಕೊಂಡರೆ ತೊಡಕು ಕರಗುತ್ತದೆ. ಒಂದೇ ವ್ಯತ್ಯಾಸ: ಮೊದಲೆರಡರಲ್ಲಿ ಬಿಸಿ ಕೊಡುವುದರ ಹೆಸರಿದೆ, ಮೂರನೆಯದರಲ್ಲಿ ಓಡಿಸಬೇಕಾದುದರ ಹೆಸರಿದೆ.

ಈ ಊಹೆ ನಿಲ್ಲಬೇಕಾದರೆ ‘ಚಳಿಗೆ ಕಾಯಿಸು’ ಎಂದು ‘ಗೆ’ ಉಳಿಸಿಕೊಂಡ ಬಳಕೆ ಎಲ್ಲಾದರೂ ಇರಬೇಕು. ನಂಜನಗೂಡು, ಹುಣಸೂರು, ನಾಗಮಂಗಲದ ಕಡೆಯವರು ಹಾಗೆ ಹೇಳುವುದುಂಟೇ? ನಿಮ್ಮ ಮನೆಯ ಹಿರಿಯರು ಒಲೆಯ ಮುಂದೆ ಕುಳಿತಾಗ ಕಾಯಿಸುತ್ತಿದ್ದುದು ಚಳಿಯನ್ನೋ, ಬೆಂಕಿಯನ್ನೋ, ಮೈಯನ್ನೋ? ಊರಿನ ಹೆಸರಿನೊಂದಿಗೆ ತಿಳಿಸಿ.