ಎದೆಬಡಿತ ತಪ್ಪಿದಂತಾಗುತ್ತದೆ, ಡಾಕ್ಟರ್ ಹತ್ತಿರ ಹೋಗಲು ಭಯ. ದಾಟಿದವರು ಹೇಳಿ

ಪೀಣ್ಯದಿಂದ ಕೇಳಿದ್ದು:
ನನಗೆ 41. ಕೆಲವು ತಿಂಗಳಿಂದ ರಾತ್ರಿ ಎಡಮಗ್ಗುಲಾಗಿ ಮಲಗಿದರೆ ಎದೆ ಒಂದು ಬಡಿತ ಬಿಟ್ಟು, ಆಮೇಲೆ ಧಡ್ ಅಂತ ಹೊಡೆದ ಹಾಗಾಗುತ್ತದೆ. ನೋವಿಲ್ಲ, ಸುಸ್ತಿಲ್ಲ. ಹೆಂಡತಿ ತೋರಿಸಿಕೊಂಡು ಬನ್ನಿ ಅನ್ನುತ್ತಾಳೆ. ಆಸ್ಪತ್ರೆ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಒಳಗೆ ಹೋದರೆ ಅಡ್ಮಿಟ್ ಮಾಡಿ ಸ್ಟೆಂಟ್ ಹಾಕಿಬಿಡುತ್ತಾರೆ ಅನ್ನೋ ಭಯ. ನೀವೆಲ್ಲ ಹೇಗೆ ಧೈರ್ಯ ಮಾಡಿದಿರಿ?

ಬನಶಂಕರಿಯಿಂದ:
ಧೈರ್ಯ ಎಲ್ಲಿಂದ ಬರುತ್ತದೆ ಸರ್, ನನಗೆ ಕೊನೆಯವರೆಗೂ ಬರಲಿಲ್ಲ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರಲ್ಲ, ಆಮೇಲೆ ಊರಿಗೂರೇ ಎದೆ ಮುಟ್ಟಿ ನೋಡಿಕೊಳ್ಳುತ್ತಿತ್ತು. ಜಯದೇವದಲ್ಲಿ ತಪಾಸಣೆಗೆ ಜನವೋ ಜನ. ನನಗೆ ಆ ಸುದ್ದಿ ನೋಡಿಯೇ ಬಡಿತ ಜಾಸ್ತಿಯಾಯಿತು. ಆಗ ಅಕ್ಕ ಹೇಳಿದಳು, "ಹಾರ್ಟ್ ಡಾಕ್ಟರ್ ಬೇಡ ಕಣೇ, ನಮ್ಮ ಬೀದಿ ಡಾಕ್ಟರಿಗೆ ಬರೀ ನಾಡಿ ತೋರಿಸಿ ಬಾ." ಅಷ್ಟಾದರೆ ಆಗುತ್ತೆ ಅನ್ನಿಸಿತು, ಹೋದೆ.

ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ಕಡಿಮೆಯಿದೆಯಾ ಅಂತ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಬರೆದರು. ಎರಡೂ ಬಡಿತ ಕೆಡಿಸುತ್ತವಂತೆ. ಇಸಿಜಿ ನಾರ್ಮಲ್ ಬಂತು. ಅದು ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತ, ಅಷ್ಟರಲ್ಲಿ ನಮ್ಮದು ಕಾಣಬೇಕಲ್ಲ! ಅದಕ್ಕೇ ಹೋಲ್ಟರ್ ಅಂತ ಒಂದು ಪುಟ್ಟ ಡಬ್ಬಿ ಕಟ್ಟಿ 24 ಗಂಟೆ ಬಿಟ್ಟರು. ಸ್ನಾನ ಇಲ್ಲ. ಧಡ್ ಅಂದಾಗಲೆಲ್ಲ ಟೈಮು ಬರೆದಿಡಬೇಕು. ಸಿಕ್ಕಿತು: ಎಕ್ಟೋಪಿಕ್. ಒಂದು ಬಡಿತ ಅವಸರದಲ್ಲಿ ಮೊದಲೇ ಬಂದುಬಿಡುತ್ತದೆ, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಲ್ಲಿ ಹೃದಯದಲ್ಲಿ ರಕ್ತ ಜಾಸ್ತಿ ತುಂಬಿ ಮುಂದಿನ ಬಡಿತ ಜೋರಾಗುತ್ತದೆ. ನಮಗೆ ಗೊತ್ತಾಗುವುದು ಅದೇ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಚೆನ್ನಾಗಿದ್ದುದರಿಂದ ಮಾತ್ರೆ ಬೇಡ ಅಂದರು. ನಿದ್ದೆ ಸರಿಮಾಡಿಕೊಂಡೆ, ಕಾಫಿ ಬೈಟು ಆಯಿತು. ಪೂರ್ತಿ ನಿಂತಿಲ್ಲ. ಬಂದರೆ ಮಗ್ಗುಲು ಬದಲಾಯಿಸಿ ಮಲಗುತ್ತೇನೆ.

ಮತ್ತೆ ಸ್ಟೆಂಟ್ ವಿಷಯ. ಅದು ರಕ್ತನಾಳ ಕಟ್ಟಿಕೊಂಡವರಿಗೆ, ಬಡಿತದ ತಾಳ ತಪ್ಪಿದ್ದಕ್ಕಲ್ಲ. ನಾಡಿ ತೋರಿಸಲು ಹೋದವರಿಗೆ ಯಾರೂ ಸುಮ್ನೆ ಹಾಕಿ ಕಳಿಸುವುದಿಲ್ಲ, ನಿಮ್ಮ ಒಪ್ಪಿಗೆ ಬೇಕು. ರಿಪೋರ್ಟ್ ಹಿಡಿದು ಇನ್ನೊಬ್ಬ ಡಾಕ್ಟರನ್ನೂ ಕೇಳಬಹುದು.

ಯಶವಂತಪುರದಿಂದ:
ಮೇಡಂ ಹೇಳಿದ್ದು ಸರಿ, ಆದರೆ ಎಲ್ಲರದ್ದೂ ಎಕ್ಟೋಪಿಕ್ ಆಗಿರಲ್ಲ. ನಮ್ಮ ಮಾವನವರದ್ದು ಏಟ್ರಿಯಲ್ ಫಿಬ್ರಿಲೇಶನ್. ಮಧ್ಯೆ ಒಂದು ಬಡಿತ ತಪ್ಪುವುದಲ್ಲ, ಮಣಿಕಟ್ಟು ಹಿಡಿದರೆ ತಾಳವೇ ಸಿಗುತ್ತಿರಲಿಲ್ಲ. ನೋವಿಲ್ಲ ಅಂತ ಸುಮ್ಮನಿದ್ದರು. ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಿತು. ಈಗ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದಾರೆ, ಬಲಗೈ ಪೂರ್ತಿ ವಾಪಸ್ ಬಂದಿಲ್ಲ. 41ಕ್ಕೆ ಇದು ಅಪರೂಪ, ನಿಜ. ಆದರೆ ಯಾವುದು ಅಂತ ಹೇಳುವುದು ಇಸಿಜಿ, ನಾವಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದರೆ ಡಾಕ್ಟರಿಗೆ ಹೇಳಿ. ತಲೆ ಸುತ್ತಿ ಬಿದ್ದರೆ, ಎದೆನೋವು ಬಂದರೆ, ಉಸಿರಾಡಲು ಕಷ್ಟವಾದರೆ ಯಾರನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮಾಗಡಿ ರಸ್ತೆಯಿಂದ:
ಮತ್ತಿ ಚಕ್ಕೆ ಕಷಾಯ ಕುಡಿಯಿರಿ. ನಮ್ಮಜ್ಜಿ ಎದೆಗೆ ಅದನ್ನೇ ಕೊಡುತ್ತಿದ್ದರು.

ಬನಶಂಕರಿಯಿಂದ:
ಮೊದಲು ಇಸಿಜಿ ಆಗಲಿ ಸ್ವಾಮಿ, ಕಷಾಯ ಎಲ್ಲೂ ಓಡಿಹೋಗಲ್ಲ. ಯಶವಂತಪುರದವರೇ, ನಿಮ್ಮ ಮಾವನವರಿಗೆ ಮಾತ್ರ ಡಾಕ್ಟರನ್ನು ಕೇಳದೆ ಯಾವ ಕಷಾಯವನ್ನೂ ಕೊಡಬೇಡಿ.

ರಾಜಾಜಿನಗರದಿಂದ:
ನಾನು ಇಸಿಜಿ ತೆಗೆಯುವ ಕೆಲಸದಲ್ಲಿದ್ದೇನೆ. ಅಣ್ಣ, ಏನಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ವಾಚು, ಚೈನು ತೆಗೆದು ಮಲಗುತ್ತೀರಿ. ಎದೆಗೆ ಜೆಲ್ ಹಚ್ಚಿ ರಬ್ಬರ್ ಬಲ್ಬು ಒತ್ತುತ್ತೇವೆ, ಅದು ಕಚ್ಚಿಕೊಂಡು ಕೂರುತ್ತದೆ. ಜೆಲ್ ತಣ್ಣಗಿರುತ್ತದೆ, ಎಲ್ಲರೂ ಒಮ್ಮೆ ಬೆಚ್ಚುತ್ತಾರೆ. ಕೈಕಾಲಿಗೆ ಬಟ್ಟೆ ಕ್ಲಿಪ್ಪಿನಂಥವು. ಮೈಯೊಳಗೆ ಕರೆಂಟ್ ಬಿಡುವುದಿಲ್ಲ, ಮೈಯಿಂದ ಬರುವುದನ್ನು ಬರೆದುಕೊಳ್ಳುತ್ತದೆ ಅಷ್ಟೇ. ಭಯದಿಂದ ನಡುಗಿದರೆ ಗೆರೆಯೂ ನಡುಗುತ್ತದೆ, ಆಗ ಇನ್ನೊಮ್ಮೆ ತೆಗೆಯುತ್ತೇವೆ, ಬೈಯುವುದಿಲ್ಲ. ಹೆಣ್ಣುಮಕ್ಕಳು ಲೇಡಿ ಸ್ಟಾಫ್ ಬೇಕು ಅಂತ ಧಾರಾಳವಾಗಿ ಕೇಳಬಹುದು. ಧಡ್ ಧಡ್ ಅನ್ನುತ್ತಿರುವಾಗಲೇ ಬಂದರೆ ಇನ್ನೂ ಒಳ್ಳೆಯದು, ಕಾಗದದ ಮೇಲೆ ಸಿಕ್ಕಿಬೀಳುತ್ತದೆ.

ಜಯನಗರದಿಂದ:
ಜಯದೇವಕ್ಕೇ ಬರುವುದಾದರೆ ಪೀಣ್ಯದಿಂದ ಮೆಟ್ರೋ ಹಸಿರು ಮಾರ್ಗ ಹಿಡಿದು ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಿ. 2025ರ ಆಗಸ್ಟ್‌ನಿಂದ ಓಡುತ್ತಿದೆ. ಸ್ಟೇಷನ್ ಹೆಸರೇ ಜಯದೇವ ಆಸ್ಪತ್ರೆ.

ಪೀಣ್ಯದಿಂದ:
ಮೊದಲು ಇಲ್ಲೇ ನಮ್ಮ ಏರಿಯಾ ಕ್ಲಿನಿಕ್‌ಗೆ ಹೋಗುತ್ತೇನೆ, ಹೆಂಡತಿಯೂ ಬರುತ್ತಾಳೆ. ಇಸಿಜಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ರಾಜಾಜಿನಗರದಿಂದ:
ಬೇಡ ಅಣ್ಣ, ತಿಂಡಿ ತಿಂದುಕೊಂಡೇ ಹೋಗಿ. ಎದೆಗೆ ಎಣ್ಣೆ, ಕ್ರೀಮು ಮಾತ್ರ ಹಚ್ಚಿಕೊಳ್ಳಬೇಡಿ, ಬಲ್ಬು ಜಾರುತ್ತದೆ.