ಸಹಾಯ ಬೇಕು: ನೇಲ್ ಟೆಕ್ನಿಷಿಯನ್ ಆಗಿ ಮೊದಲ ಕೆಲಸ ಸಿಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಂಗಳೂರಿನ ರಾಜಾಜಿನಗರದಲ್ಲಿ. ಉಗುರು ಅಲಂಕಾರದ ನೇಲ್ ಕೋರ್ಸ್ ಮುಗಿಸಿ ಎರಡು ತಿಂಗಳಾಯಿತು. ಸರ್ಟಿಫಿಕೇಟ್ ಇದೆ, ಕೈ ಮಾತ್ರ ಪಳಗಿಲ್ಲ. ಕ್ಲಾಸಿನಲ್ಲಿ ಪ್ಲಾಸ್ಟಿಕ್ ಕೈ ಮೇಲೇ ಜಾಸ್ತಿ ಅಭ್ಯಾಸ. ನಿಜವಾದ ಕೈ ಸಿಕ್ಕಿದ್ದು ನಾಲ್ಕೇ ಸಲ, ಅದರಲ್ಲಿ ಎರಡು ಸಲ ನಮ್ಮ ಅತ್ತಿಗೆಯದೇ!

ಜೆಲ್ ಪಾಲಿಶ್ ನೀಟಾಗಿ ಬರುತ್ತದೆ. ಅಕ್ರಿಲಿಕ್‌ನದೇ (ಪುಡಿ, ಲಿಕ್ವಿಡ್ ಸೇರಿಸಿ ಮಾಡುವ ಕೃತಕ ಉಗುರು) ತಲೆನೋವು. ಬ್ರಷ್‌ನಲ್ಲಿ ಲಿಕ್ವಿಡ್ ಸ್ವಲ್ಪ ಜಾಸ್ತಿಯಾದರೂ ಉಂಡೆ ನಿಲ್ಲದೆ ಚರ್ಮದ ಕಡೆ ಹರಿದುಬಿಡುತ್ತದೆ. ಅತ್ತಿಗೆಗೆ ಹಾಕಿದ ಅಕ್ರಿಲಿಕ್ ಉಗುರು ಐದೇ ದಿನಕ್ಕೆ ಬುಡದಲ್ಲಿ ಎದ್ದು, ತಲೆ ಬಾಚುವಾಗ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಪಾಪ, ಬೈಯಲಿಲ್ಲ.

ಮೂರು ಸಲೂನ್‌ಗಳಲ್ಲಿ ವಿಚಾರಿಸಿದೆ. ಎರಡು ಕಡೆ ಒಂದು ವರ್ಷದ ಅನುಭವ ಬೇಕಂತೆ. ಇನ್ನೊಂದು ಕಡೆ, ಮೂರು ತಿಂಗಳು ಸಂಬಳ ಇಲ್ಲದೆ ಬಾ ಎಂದರು. ಬಸ್ಸೇನೋ ಫ್ರೀ, ಮನೆ ಬಾಡಿಗೆ ಫ್ರೀ ಅಲ್ವಲ್ಲ!

ಈ ಕೆಲಸದಲ್ಲಿರುವ ಅಕ್ಕಂದಿರೇ, ಟ್ರಯಲ್‌ಗೆ ಕರೆದರೆ ಏನು ಮಾಡಿಸುತ್ತಾರೆ? ಜೆಲ್ ಗಟ್ಟಿ ಮಾಡುವ ಲ್ಯಾಂಪ್, ಉಗುರು ಉಜ್ಜುವ ಡ್ರಿಲ್ ನಾವೇ ಒಯ್ಯಬೇಕಾ? ಮಲ್ಲೇಶ್ವರ, ಬಸವೇಶ್ವರನಗರದ ಕಡೆ ಹೆಲ್ಪರ್ ಕೆಲಸವಿದ್ದರೂ ಸರಿ, ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಹಾಗೇ ಅಭ್ಯಾಸಕ್ಕೆ ಕೈ ಕೊಡುವವರು ಬೇಕು, ಆ ಅರ್ಥದಲ್ಲಿ ಅಲ್ಲ ಮತ್ತೆ! ಸಾಮಾನಿನ ಖರ್ಚು ನನ್ನದೇ.