ತಾರ್ಲೆ ಕಡಿಮೆಯಾದರೆ ಅದರ ಜಾಗವನ್ನು ತುಂಬುವವರು ಯಾರು?

ಉಪ್ಪುನೀರು, ವಾಸ್ಕೋ:
ನಾವು ಕಾರವಾರದಿಂದ ಬಂದು ಗೋವಾದಲ್ಲಿ ನೆಲೆಸಿದವರು. ತಾರ್ಲೆ, ಅಂದರೆ ಮಂಗಳೂರಿನವರ ಬೂತಾಯಿ ಮೀನು, ಇಲ್ಲಿಯ ಮಾರುಕಟ್ಟೆಗೆ ಒಂದು ವರ್ಷ ಬುಟ್ಟಿಗಟ್ಟಲೆ ಬಂದರೆ ಇನ್ನೊಂದು ವರ್ಷ ಅಪರೂಪವಾಗುತ್ತದೆ. ಅದು ಕಡಿಮೆಯಾದಾಗ ಅದನ್ನು ತಿನ್ನುವ ಇಸ್ವಾಣಕ್ಕೆ (ಮಂಗಳೂರಿನವರ ಅಂಜಲ್ ಮೀನಿಗೆ) ಕಷ್ಟವೆಂಬುದು ಅರ್ಥವಾಗುತ್ತದೆ. ಆದರೆ ತಾರ್ಲೆ ತಿನ್ನುತ್ತಿದ್ದ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಕಡಲಿನಲ್ಲೇ ಉಳಿಯುವುದರಿಂದ ಬೇರೊಂದು ಮೀನು ಬಂದು ಆ ಜಾಗವನ್ನು ತುಂಬಬೇಕಲ್ಲವೇ? ಬಲ್ಲವರು ವಿವರಿಸಬೇಕಾಗಿ ವಿನಂತಿ.

ಮಡಗಾಂವ್ ಮೇಷ್ಟ್ರು:
ಜಾಗ ತುಂಬುತ್ತದೆ, ಆದರೆ ತುಂಬುವುದು ಮೀನೇ ಆಗಿರಬೇಕೆಂದಿಲ್ಲ. ಆಫ್ರಿಕದ ನಮೀಬಿಯಾ ಕರಾವಳಿಯಲ್ಲಿ ತಾರ್ಲೆಯ ಬಳಗದ್ದೇ ಆದ ಸಾರ್ಡೀನ್ ಮೀನನ್ನು 1960ರ ದಶಕದಲ್ಲಿ ಮಿತಿಮೀರಿ ಹಿಡಿದದ್ದರಿಂದ ಅದರ ಸಂತತಿ ಕುಸಿಯಿತು. ಆ ಬಳಿಕ ಅಲ್ಲಿ ಹೆಚ್ಚಿದ್ದು ಜೆಲ್ಲಿ ಮೀನು (ಹೆಸರಿನಲ್ಲಷ್ಟೇ ಅದು ಮೀನು). 2006ರಲ್ಲಿ ಪ್ರಕಟವಾದ ಅಂದಾಜಿನಂತೆ ಅಲ್ಲಿನ ಜೆಲ್ಲಿ ಮೀನುಗಳ ಒಟ್ಟು ತೂಕ 1.22 ಕೋಟಿ ಟನ್ನುಗಳಾದರೆ, ನಿಜವಾದ ಮೀನುಗಳದ್ದು 36 ಲಕ್ಷ ಟನ್ ಮಾತ್ರ. ಜೆಲ್ಲಿ ಮೀನು ಪ್ಲವಕಗಳ ಜೊತೆಗೆ ಮೀನಿನ ಮೊಟ್ಟೆ, ಮರಿಗಳನ್ನೂ ನುಂಗುವುದರಿಂದ, ಬಲೆ ಬೀಸುವುದನ್ನು ಕಡಿಮೆ ಮಾಡಿದ ಮಾತ್ರಕ್ಕೆ ಸಾರ್ಡೀನ್ ಹಿಂದಿನ ಸ್ಥಿತಿಗೆ ಮರಳುವುದು ಸುಲಭವಲ್ಲ.

ಮಾಂಡೋವಿ ದಂಡೆ, ಪಣಜಿ:
ಮೇಷ್ಟ್ರ ಮಾತು ಸರಿಯಾದರೂ ಆ ಲೆಕ್ಕವನ್ನು ಹಾಗೆಯೇ ಅರಬ್ಬೀ ಸಮುದ್ರಕ್ಕೆ ಅನ್ವಯಿಸಲು ನನಗೆ ಹಿಂಜರಿಕೆಯಿದೆ. ನಮ್ಮ ತಾರ್ಲೆಯ ಆಯುಸ್ಸು ಕೆಲವೇ ವರ್ಷ. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಆಗ ಹುಲುಸಾಗಿ ಬೆಳೆಯುವ ಡಯಾಟಮ್ ಪಾಚಿಯೇ ಅದರ ಮುಖ್ಯ ಆಹಾರ. ನೀರು ಬಿಸಿಯಾಗಿ ಆ ಬೆಳೆ ತಪ್ಪಿದರೆ, ಬಲೆಯ ಹಂಗಿಲ್ಲದೆಯೂ ತಾರ್ಲೆ ಕುಸಿಯುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ತಾರ್ಲೆಯ ಇಳುವರಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದು, 2022ರಲ್ಲಿ ಮತ್ತೆ ಲಕ್ಷ ಟನ್ ದಾಟಿತು. ಇಷ್ಟು ಬೇಗ ಚೇತರಿಸಿಕೊಳ್ಳುವ ಮೀನನ್ನು ನಮೀಬಿಯಾದ ಸಾರ್ಡೀನಿನ ಸಾಲಿಗೆ ಸೇರಿಸಲಾಗದು. ಹಾಗೆಂದು, ಕುಸಿದ ವರ್ಷದಲ್ಲೂ ಮೀನುಹಿಟ್ಟಿನ ಕಾರ್ಖಾನೆಗಾಗಿ ಮರಿಗಳನ್ನು ಬಾಚುವುದನ್ನು ನಾನು ಸಮರ್ಥಿಸುತ್ತಿಲ್ಲ.

ಉಪ್ಪುನೀರು, ವಾಸ್ಕೋ:
ಇಬ್ಬರಿಗೂ ಧನ್ಯವಾದಗಳು. ತಾರ್ಲೆಯಿಲ್ಲದ ವರ್ಷ ಇಸ್ವಾಣವು ಬಂಗಡೆಯನ್ನು ತಿಂದು ಕಾಲ ತಳ್ಳಲಾರದೇ?

ಮಡಗಾಂವ್ ಮೇಷ್ಟ್ರು:
ತಳ್ಳಬಹುದು. ಆದರೆ ಆಗ ಬಂಗಡೆಯ ಮೇಲೆ ನಮ್ಮ ಬಲೆಯ ಜೊತೆಗೆ ಇಸ್ವಾಣದ ಹೊರೆಯೂ ಬೀಳುತ್ತದೆ. ಬದಲಿ ಆಹಾರ ಸಿಕ್ಕರೂ ಅದು ಅಷ್ಟೇ ಪುಷ್ಟಿಕರವಾಗಿರಬೇಕಲ್ಲ! ನಮೀಬಿಯಾದ ಪೆಂಗ್ವಿನ್‌ಗಳು ಸಾರ್ಡೀನ್ ಸಿಗದೆ ಗೋಬಿ ಎಂಬ, ಕೊಬ್ಬು ಕಡಿಮೆಯಿರುವ ಮೀನಿಗೆ ಒಗ್ಗಿಕೊಂಡವು. ಹೊಟ್ಟೆಗೇನೋ ಸಿಕ್ಕಿತು, ಸಂಖ್ಯೆ ಮಾತ್ರ ಇಳಿಯುತ್ತಲೇ ಹೋಯಿತು.